ವೇಷ ಬದಲಾದರೆ ವೀರ ಬದಲಾದನೆ?

ಚಿತ್ರಕಥೆಗಳ ಸಾಹಸಿಗರು ಈಗ ನಮ್ಮ ಮನೆಗಳಿಗೆ ಹೊಸಬರಲ್ಲ. ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಂತಹ ಗ್ರಾಮದಲ್ಲಿಯೂ, ಗದ್ದೆ ಮತ್ತು ಅಡಕೆ ತೋಟಗಳ ನಡುವಣ ಮನೆಗಳಲ್ಲಿಯೂ, ಶಾಲೆಗೆ ಹೊರಟ ಮಗುವಿನ ಚೀಲದ ಮೇಲೆ ಸ್ಪೈಡರ್‌ಮ್ಯಾನನೋ ಸೂಪರ್‌ಮ್ಯಾನನೋ ಕುಳಿತಿರುತ್ತಾನೆ. ಕಾಲೇಜಿಗೆ ಹೋಗುವ ಮಕ್ಕಳಂತೂ ಈ ವೀರರ ಉಡುಪು ಏಕೆ ಬದಲಾಯಿತು, ಅವರ ಕಥೆಯನ್ನು ಮತ್ತೆ ಮೊದಲಿನಿಂದ ಏಕೆ ಆರಂಭಿಸಿದರು ಎಂದು ಗಂಟೆಗಟ್ಟಲೆ ವಾದಿಸುತ್ತಾರೆ. ಕೇಳುವ ಹಿರಿಯರಿಗೆ ಇದು ಹೊಟ್ಟೆ ತುಂಬಿದವರ ಜಗಳವೆಂದು ತೋರುವುದು ಸಹಜ. ಆದರೆ ನಾವು ಇದನ್ನು ಅಷ್ಟು ಹಗುರವಾಗಿ ಕಾಣಲಾರೆವು. ಲಾಂಛನಕ್ಕೂ ನಡೆಗೂ ಇರುವ ಸಂಬಂಧವೇನು ಎಂಬ ಪ್ರಶ್ನೆ ಆ ವಾದದೊಳಗೆ ಅಡಗಿದೆ. ಮತ್ತು ಆ ಪ್ರಶ್ನೆ ಶರಣ ಪರಂಪರೆಯವರಾದ ನಮಗೆ ಅತ್ಯಂತ ಪರಿಚಿತವಾದುದು.

ಕೆಂಪು ಚಡ್ಡಿಯ ಕಥೆ

ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡದ್ದು ಅಮೆರಿಕೆಯ ‘ಆಕ್ಷನ್ ಕಾಮಿಕ್ಸ್’ ಪತ್ರಿಕೆಯ 1938ರ ಜೂನ್ ಸಂಚಿಕೆಯಲ್ಲಿ. ಅವನನ್ನು ಸೃಷ್ಟಿಸಿದವರು ಜೆರ್ರಿ ಸೀಗೆಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ತರುಣರು. ವಲಸೆ ಬಂದ ಯೆಹೂದಿ ಕುಟುಂಬಗಳ ಮಕ್ಕಳು. ನೀಲಿ ಅಂಗಿ, ಕೆಂಪು ಮೇಲುಹೊದಿಕೆ, ಎದೆಯ ಮೇಲೆ ಅಕ್ಷರದ ಲಾಂಛನ, ಎಲ್ಲಕ್ಕೂ ಮೇಲೆ ಎದ್ದು ಕಾಣುವ ಕೆಂಪು ಚಡ್ಡಿ: ಇದು ಆ ಕಾಲದ ಸರ್ಕಸ್ ಮಲ್ಲರ ವೇಷ. ಬಲಶಾಲಿ ಎಂದರೆ ಹೀಗಿರುತ್ತಾನೆ ಎಂಬುದನ್ನು ಅಂದಿನ ಬಡ ಮಕ್ಕಳು ಸರ್ಕಸ್ಸಿನ ಡೇರೆಯಲ್ಲಿ ಕಂಡಿದ್ದರು. ಆದ್ದರಿಂದ ಚಿತ್ರ ನೋಡಿದೊಡನೆ ಅವರಿಗೆ ಅರ್ಥವಾಯಿತು.

ಸರ್ಕಸ್ ಮಲ್ಲರು ಮರೆತುಹೋದರು; ಚಡ್ಡಿ ಉಳಿಯಿತು. ಎಪ್ಪತ್ತು ವರ್ಷಗಳ ಬಳಿಕ ಅದು ನಗೆಗೆ ಈಡಾಗತೊಡಗಿತು. 2011ರಲ್ಲಿ ಪ್ರಕಾಶಕರಾದ ಡಿಸಿ ಸಂಸ್ಥೆಯವರು ಅದನ್ನು ತೆಗೆದುಹಾಕಿ, ಎತ್ತರದ ಕಾಲರು ಇರುವ ಕವಚದಂತಹ ಉಡುಪನ್ನು ಸೂಪರ್‌ಮ್ಯಾನನಿಗೆ ತೊಡಿಸಿದರು. ಓದುಗರಲ್ಲಿ ಎರಡು ಪಂಗಡಗಳಾದವು. ಕಾಲಕ್ಕೆ ತಕ್ಕ ಕೋಲ ಬೇಕೆಂದರು ಕೆಲವರು. ಗುಂಡು ತಾಗದ ಮೈಯವನಿಗೆ ಕವಚವೇಕೆ, ಮಕ್ಕಳು ನೋಡಿ ನಗುವಂತಹ ಸರಳ ಉಡುಪು ಅವನ ಸೌಮ್ಯತೆಯ ಗುರುತಲ್ಲವೇ ಎಂದು ಕೇಳಿದರು ಹಲವರು. 2018ರಲ್ಲಿ ‘ಆಕ್ಷನ್ ಕಾಮಿಕ್ಸ್’ನ 1000ನೆಯ ಸಂಚಿಕೆಯಲ್ಲಿ ಕೆಂಪು ಚಡ್ಡಿ ಮರಳಿ ಬಂತು. 2025ರಲ್ಲಿ ತೆರೆಕಂಡ ಚಲನಚಿತ್ರದಲ್ಲಿಯೂ ಸೂಪರ್‌ಮ್ಯಾನ್ ಅದನ್ನು ಧರಿಸಿಯೇ ಬಂದನು. ಒಂದು ಬಟ್ಟೆಯ ತುಂಡಿಗೆ ಇಷ್ಟು ರಾದ್ಧಾಂತವೇ ಎನ್ನಬಹುದು. ಓದುಗರು ಕಾಪಾಡಿಕೊಳ್ಳಲು ಯತ್ನಿಸಿದ್ದು ಬಟ್ಟೆಯನ್ನಲ್ಲ. ಬಲವಿದ್ದೂ ಭಯ ಹುಟ್ಟಿಸದವನು ಎಂಬ ಭಾವವನ್ನು.

ಆತುರದ ಪುನರಾರಂಭ

ಉಡುಪಿನ ಬದಲಾವಣೆಗಿಂತ ಹೆಚ್ಚು ನೋವುಂಟುಮಾಡಿದ್ದು ಕಥೆಯ ಬದಲಾವಣೆ. 2011ರ ಸೆಪ್ಟೆಂಬರಿನ ಹೊತ್ತಿಗೆ ಡಿಸಿ ಸಂಸ್ಥೆ ತನ್ನ ಪತ್ರಿಕೆಗಳನ್ನೆಲ್ಲ ನಿಲ್ಲಿಸಿ, 52 ಪತ್ರಿಕೆಗಳನ್ನು ಒಟ್ಟಿಗೆ ಮೊದಲನೆಯ ಸಂಖ್ಯೆಯಿಂದ ಆರಂಭಿಸಿತು. ಇದನ್ನೇ ಇಂದಿನ ತರುಣರು ‘ರೀಬೂಟ್’ ಎನ್ನುತ್ತಾರೆ. 904 ಸಂಚಿಕೆಗಳಷ್ಟು ನಡೆದು ಬಂದಿದ್ದ ‘ಆಕ್ಷನ್ ಕಾಮಿಕ್ಸ್’ ಕೂಡ ಮತ್ತೆ ಒಂದರಿಂದ ಎಣಿಕೆ ಹಿಡಿಯಿತು. 1996ರಲ್ಲಿ ಕಥೆಯೊಳಗೆ ನೆರವೇರಿದ್ದ ಸೂಪರ್‌ಮ್ಯಾನ್ ಮತ್ತು ಲೋಯಿಸ್ ಲೇನ್ ಅವರ ಮದುವೆ ನಡೆಯಲೇ ಇಲ್ಲವೆಂದಾಯಿತು. ವೀರರು ಲೋಕಕ್ಕೆ ಕಾಣಿಸಿಕೊಂಡು ಐದೇ ವರ್ಷಗಳಾದವು ಎಂದು ಹೊಸ ಕಥೆ ಹೇಳಿತು. ಆದರೆ ಬ್ಯಾಟ್‌ಮ್ಯಾನನ ಬಳಿ ಆ ಐದು ವರ್ಷಗಳಲ್ಲೇ ಹಲವು ಮಂದಿ ರಾಬಿನ್ನರು ಶಿಷ್ಯರಾಗಿ ಬಂದುಹೋಗಿದ್ದರು. ಇದು ಹೇಗೆ ಸಾಧ್ಯವೆಂದು ಓದುಗರು ಲೆಕ್ಕ ಕೇಳಿದಾಗ ತೃಪ್ತಿಕರವಾದ ಉತ್ತರ ದೊರೆಯಲಿಲ್ಲ.

ಮೊದಲ ತಿಂಗಳುಗಳಲ್ಲಿ ಮಾರಾಟ ಏರಿತು. ಆದರೆ ಆ 52ರಲ್ಲಿ 6 ಪತ್ರಿಕೆಗಳು ಎಂಟನೆಯ ಸಂಚಿಕೆಗೇ ನಿಂತವು. 2016ರಲ್ಲಿ ಸಂಸ್ಥೆಯೇ ‘ರೀಬರ್ತ್’, ಅಂದರೆ ಮರುಹುಟ್ಟು, ಎಂಬ ಹೆಸರಿನಲ್ಲಿ ಹಳೆಯ ಸಂಬಂಧಗಳನ್ನು ಮತ್ತೆ ಕೂಡಿಸತೊಡಗಿತು. ‘ಆಕ್ಷನ್ ಕಾಮಿಕ್ಸ್’ ತನ್ನ ಹಳೆಯ ಎಣಿಕೆಗೆ ಮರಳಿ 957ನೆಯ ಸಂಚಿಕೆಯಾಗಿ ಹೊರಬಂತು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ನಮ್ಮ ಹಿರಿಯರ ಮಾತಿಗೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಹಾಗಾದರೆ ಹಳೆಯದನ್ನು ಮುಟ್ಟಲೇಬಾರದೆ? ಓದುಗರ ವಿರೋಧವೆಲ್ಲ ನ್ಯಾಯವಾದುದೆ? ಅದೂ ಸರಿಯಲ್ಲ. 1984ರಲ್ಲಿ ಸ್ಪೈಡರ್‌ಮ್ಯಾನನ ಕೆಂಪು–ನೀಲಿ ಉಡುಪನ್ನು ಕಪ್ಪಾಗಿಸಿದಾಗಲೂ ಆಕ್ಷೇಪಗಳೆದ್ದವು. ಆ ಕಪ್ಪು ಉಡುಪಿನ ಕಲ್ಪನೆ ಬಂದದ್ದು ರ್‍ಯಾಂಡಿ ಶೂಲರ್ ಎಂಬ ಓದುಗನಿಂದ. ಮಾರ್ವೆಲ್ ಸಂಸ್ಥೆ ಅದಕ್ಕೆ 220 ಡಾಲರ್ ಕೊಟ್ಟು ಕೊಂಡಿತ್ತು. ಆದರೆ ಲೇಖಕರು ಆ ಬದಲಾವಣೆಯನ್ನು ಹೇರಿ ಸುಮ್ಮನಾಗಲಿಲ್ಲ. ಅದು ಬಟ್ಟೆಯಲ್ಲ, ತೊಟ್ಟವನನ್ನೇ ಆಳಬಯಸುವ ಜೀವಿ ಎಂದು ಕಥೆ ಬೆಳೆಯಿತು. ನಾಯಕನು ಅದನ್ನು ಕಿತ್ತೆಸೆಯಲು ಹೋರಾಡಬೇಕಾಯಿತು. ಹೀಗೆ ಕಥೆಯೊಳಗಿನಿಂದ ಕಾರಣ ಪಡೆದ ಬದಲಾವಣೆ ಉಳಿಯಿತು.

2011ರಲ್ಲಿಯೇ ಮತ್ತೊಂದು ಸಂಗತಿ ನಡೆಯಿತು. ಮೈಲ್ಸ್ ಮೊರಾಲೆಸ್ ಎಂಬ ಹುಡುಗ, ಕರಿಯ ತಂದೆ ಮತ್ತು ಪೋರ್ಟೊರಿಕೊ ಮೂಲದ ತಾಯಿಯ ಮಗ, ಸ್ಪೈಡರ್‌ಮ್ಯಾನನ ಮುಖವಾಡ ತೊಟ್ಟನು. ಈ ಬಾರಿ ಎದ್ದ ಗದ್ದಲದಲ್ಲಿ ಒಂದು ಭಾಗ ಉಡುಪಿನ ಬಗೆಗಲ್ಲ, ಮೈಬಣ್ಣದ ಬಗೆಗೆ. ಆದರೆ ಹುಡುಗನ ಕಥೆಯನ್ನು ತಾಳ್ಮೆಯಿಂದ ಕಟ್ಟಲಾಗಿತ್ತು. ಅವನನ್ನು ನಾಯಕನನ್ನಾಗಿಸಿ 2018ರಲ್ಲಿ ಬಂದ ಚಿತ್ರ ಮರುವರ್ಷ ಆಸ್ಕರ್ ಪ್ರಶಸ್ತಿ ಪಡೆಯಿತು. ವೇಷವು ಹುಟ್ಟಿನಿಂದ ಬರುವ ಆಸ್ತಿಯಲ್ಲ, ಆ ವೇಷದ ಹೊಣೆ ಹೊತ್ತವನಿಗೆ ಸಲ್ಲುವಂಥದು ಎಂಬುದನ್ನು ಅಮೆರಿಕೆಯ ಮಕ್ಕಳು ಹೀಗೆ ಕಲಿತರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಬಾಳಿ ತೋರಿದ ಮಾತು ಇದಕ್ಕೆ ದೂರದ್ದೇನೂ ಅಲ್ಲ.

ನಮ್ಮ ಅಂಗಳದ ವೀರಗಾಸೆ

ಇಷ್ಟೆಲ್ಲ ತಿಳಿಯಲು ನಾವು ಸಾಗರ ದಾಟಬೇಕಾಗಿಲ್ಲ. ನಮ್ಮ ಜಾತ್ರೆ ಉತ್ಸವಗಳಲ್ಲಿ ಕುಣಿಯುವ ವೀರಗಾಸೆಯನ್ನು ನೆನೆಯೋಣ. ವೀರನು ಕಟ್ಟುವ ಕಾಸೆ ಎಂಬುದೇ ಆ ಹೆಸರಿನ ಅರ್ಥ. ಕಲೆಗೆ ಉಡುಪಿನಿಂದಲೇ ಹೆಸರು ಬಂದಿದೆ. ಹಣೆಯ ವಿಭೂತಿ, ಕೊರಳ ರುದ್ರಾಕ್ಷಿ, ತಲೆಯ ಬಿಳಿಯ ಜಟೆ, ಕೈಯ ಖಡ್ಗ, ಮೈಮೇಲಿನ ವೀರಭದ್ರನ ಮುದ್ರೆ, ಇವುಗಳಲ್ಲಿ ಒಂದು ತಪ್ಪಿದರೂ ಸುತ್ತ ನಿಂತ ಅಜ್ಜಂದಿರು ಗುರುತಿಸುತ್ತಾರೆ. ಅವರೂ ಒಂದರ್ಥದಲ್ಲಿ ಅಭಿಮಾನಿಗಳೇ. ಪುರುಷರೇ ಕುಣಿಯುತ್ತಿದ್ದ ಈ ಕಲೆಯಲ್ಲಿ ಈಗ ಮಹಿಳೆಯರ ತಂಡಗಳೂ ಇವೆ. ತೊಟ್ಟವರು ಬದಲಾದರು, ದಕ್ಷಯಜ್ಞದ ಕಥೆಯೂ ಅದರ ಆವೇಶವೂ ಬದಲಾಗಲಿಲ್ಲ. ಅದನ್ನು ಜನ ಒಪ್ಪಿಕೊಂಡರು.

ಚಿತ್ರಕಥೆಯ ವಿಷಯದಲ್ಲಿಯೂ ಕನ್ನಡಕ್ಕೆ ತನ್ನದೇ ಆದ ಪಾಲಿದೆ. ‘ಅಮರ ಚಿತ್ರಕಥೆ’ಯನ್ನು ಬೆಳೆಸಿದ ಅನಂತ ಪೈ ಅವರು ಜನಿಸಿದ್ದು ನಮ್ಮ ಕಾರ್ಕಳದಲ್ಲಿ, 1929ರಲ್ಲಿ. ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಮಕ್ಕಳಿಗೆ ಗ್ರೀಕ್ ದೇವತೆಗಳ ಹೆಸರು ಗೊತ್ತಿದ್ದು, ಶ್ರೀರಾಮನ ತಾಯಿಯ ಹೆಸರು ಗೊತ್ತಿಲ್ಲದ್ದನ್ನು ಕಂಡು ಅವರು ಈ ಕಾರ್ಯಕ್ಕೆ ಮನಮಾಡಿದರೆಂಬುದು ಪ್ರಸಿದ್ಧ. ಆ ಮಾಲೆಯ ಮೊದಲ ಹತ್ತು ಪುಸ್ತಕಗಳು ಪಾಶ್ಚಾತ್ಯ ಕಥೆಗಳು, ‘ಕೃಷ್ಣ’ ಹನ್ನೊಂದನೆಯದು. ಅಲ್ಲಿ ಮೂಡಿದ ಕೃಷ್ಣನ ರೂಪವೇ ಒಂದು ಇಡೀ ಪೀಳಿಗೆಯ ಕಣ್ಣಿನಲ್ಲಿ ಕೃಷ್ಣನ ರೂಪವಾಗಿ ನಿಂತಿತು. ಬಾಲ್ಯದಲ್ಲಿ ನೋಡಿದ ಚಿತ್ರಕ್ಕೆ ಅಷ್ಟು ಬಲವಿದೆ.

ಬಸವಣ್ಣನವರ ಚಿತ್ರ

ಈ ಬಲವನ್ನು ನೆನೆದಾಗಲೇ ನಮ್ಮ ಹೊಣೆಯ ಭಾರ ತಿಳಿಯುವುದು. ಬಸವಣ್ಣನವರ ಎದುರು ಕುಳಿತು ಬರೆದ ಚಿತ್ರ ನಮ್ಮ ಬಳಿ ಇಲ್ಲ. ಇರುವುದೆಲ್ಲ ಭಕ್ತಿಯಿಂದ ಕಲ್ಪಿಸಿದ ರೂಪಗಳು. 1913ರಲ್ಲಿ ನಮ್ಮ ನೆರೆಯ ದಾವಣಗೆರೆಯ ವಿರಕ್ತಮಠದಲ್ಲಿ ಮೃತ್ಯುಂಜಯ ಸ್ವಾಮಿಗಳು ಮತ್ತು ಹರ್ಡೇಕರ ಮಂಜಪ್ಪನವರು ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಲು ಆರಂಭಿಸಿದ ಮೇಲೆ ಈ ರೂಪಗಳು ಮನೆಮನೆಗೆ ಹಬ್ಬಿದವು. ಕಿರೀಟಧಾರಿಯಾದ ಮಂತ್ರಿ, ಕುದುರೆಯನ್ನೇರಿದ ವೀರ, ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನೆಟ್ಟ ಯೋಗಿ, ಹೀಗೆ ಹಲವು. 1959ರ ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಹೊನ್ನಪ್ಪ ಭಾಗವತರು ಒಂದು ರೂಪ ಕೊಟ್ಟರು, 1983ರ ‘ಕ್ರಾಂತಿಯೋಗಿ ಬಸವಣ್ಣ’ದಲ್ಲಿ ನಟ ಅಶೋಕ್ ಮತ್ತೊಂದನ್ನು. 2012ರಲ್ಲಿ ಬಸವಕಲ್ಯಾಣದಲ್ಲಿ 108 ಅಡಿಯ ಪ್ರತಿಮೆ ಎದ್ದಿತು. 2015ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ಎದೆಮಟ್ಟದ ಪ್ರತಿಮೆ ಅನಾವರಣಗೊಂಡಿತು. 2024ರಲ್ಲಿ ರಾಜ್ಯ ಸರ್ಕಾರ ಅವರನ್ನು ಸಾಂಸ್ಕೃತಿಕ ನಾಯಕರೆಂದು ಸಾರಿ, ಸರ್ಕಾರಿ ಕಛೇರಿಗಳಲ್ಲಿ ಭಾವಚಿತ್ರವಿರಿಸಿತು.

ರೂಪಗಳು ಹಲವಾದುದರಿಂದ ಹಾನಿಯಿಲ್ಲ. ಕಥೆಯನ್ನು ಅವಸರದಲ್ಲಿ ತಿದ್ದಿದಾಗ ಹಾನಿ ತಟ್ಟುತ್ತದೆ. 2022ರಲ್ಲಿ ಪರಿಷ್ಕರಿಸಿದ ಶಾಲಾ ಪಠ್ಯದಲ್ಲಿ ಬಸವಣ್ಣನವರ ಪಾಠ ಬದಲಾದುದನ್ನು ಕಂಡು ಸಮಾಜ ಕಳವಳಗೊಂಡಿತು. ಸಾಣೇಹಳ್ಳಿಯ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಪಾಠವನ್ನು ಮರುಪರಿಶೀಲಿಸುವುದಾಗಿ ಸರ್ಕಾರ ಹೇಳಬೇಕಾಯಿತು. ಅಂದು ಯಾರೂ ಉಡುಪಿನ ಬಣ್ಣದ ಬಗೆಗೆ ಕೇಳಲಿಲ್ಲ. ಅವರು ಏನು ಮಾಡಿದರು, ಏನನ್ನು ತೊರೆದರು ಎಂಬುದನ್ನು ಮಸುಕು ಮಾಡಬೇಡಿರೆಂದು ಕೇಳಿದರು.

ಈಗ ಮಕ್ಕಳಿಗಾಗಿ ಶರಣರ ಚಿತ್ರಕಥೆಗಳನ್ನೂ ಅನಿಮೇಷನ್ ಚಿತ್ರಗಳನ್ನೂ ಸಿದ್ಧಪಡಿಸಬೇಕೆಂಬ ಉತ್ಸಾಹ ನಮ್ಮಲ್ಲಿ ಹೆಚ್ಚುತ್ತಿರುವುದು ಸಂತೋಷದ ವಿಷಯ. ಜಯಂತಿಯ ದಿನಕ್ಕೆ ಮುಗಿಯಲೇಬೇಕೆಂಬ ಗಡುವಿಗಾಗಿ ಬಸವಣ್ಣನವರಿಗೆ ಸ್ನಾಯು ಉಬ್ಬಿದ ದೇಹವನ್ನೂ ಮಿಂಚುವ ಕವಚವನ್ನೂ ತೊಡಿಸಿ ಸೂಪರ್‌ಮ್ಯಾನನ ತಮ್ಮನನ್ನಾಗಿ ಮಾಡುವ ಆಸೆಯನ್ನು ಮಾತ್ರ ಬಿಡಬೇಕು. ಶೂನ್ಯಸಿಂಹಾಸನದ ಮೇಲೆ ಅಲ್ಲಮಪ್ರಭುಗಳನ್ನು ಕುಳ್ಳಿರಿಸಿ, ಬಿಜ್ಜಳನ ಭಂಡಾರಿಯಾದ ತಾನು ಕೆಳಗೆ ಕುಳಿತ ಬಸವಣ್ಣನವರನ್ನು ಬರೆಯಲಿ. ಮಾದಾರ ಚೆನ್ನಯ್ಯನವರನ್ನು ತನ್ನವರೆಂದು ಕರೆದವರನ್ನು ಬರೆಯಲಿ. ಆಗ ಕಿರೀಟವಿದ್ದರೂ ಮಗುವಿಗೆ ಅರ್ಥವಾಗುತ್ತದೆ, ಇಲ್ಲದಿದ್ದರೂ ಅರ್ಥವಾಗುತ್ತದೆ.

ಆದುದರಿಂದ ಮನೆಯ ಹಿರಿಯರಲ್ಲಿ ನಮ್ಮ ಬಿನ್ನಹವಿಷ್ಟು: ಮಗನೋ ಮೊಮ್ಮಗಳೋ ಕೆಂಪು ಚಡ್ಡಿಯ ಬಗೆಗೆ ವಾದ ಹೂಡಿದಾಗ ಗದರಬೇಡಿರಿ. ಈ ವೇಷ ತೆಗೆದರೆ ನಿನ್ನ ವೀರನಲ್ಲಿ ಉಳಿಯುವುದೇನು ಎಂದು ಕೇಳಿರಿ. ಮಗು ಯೋಚಿಸಿ ಉತ್ತರ ಕೊಟ್ಟ ಮೇಲೆ, ಅದೇ ಪ್ರಶ್ನೆಯನ್ನು ಗೋಡೆಯ ಮೇಲಿನ ಬಸವಣ್ಣನವರ ಚಿತ್ರದ ಕಡೆಗೆ ತಿರುಗಿಸಿರಿ. ಹಾಗೆಯೇ ವಿಭೂತಿ ಧರಿಸಿದ ನಮ್ಮ ಕಡೆಗೂ.