ಬ್ರೇಕ್ ಪ್ಯಾಡಿನ ಆಯುಃಪ್ರಮಾಣ

ಪಟ್ಟಣದ ಬೀದಿಗಳಲ್ಲಿ ನಿತ್ಯವೂ ಓಡಾಡತಕ್ಕ ಕಾರಿನ ಬ್ರೇಕ್ ಪ್ಯಾಡನ್ನು ಸುಮಾರು 3 ಮಿಲಿಮೀಟರಿನಷ್ಟು ಉಳಿಯುವವರೆಗೂ ಬಳಸಬಹುದೆಂದು ಮೆಕ್ಯಾನಿಕರು ಹೇಳುವುದುಂಟು. ಆ ಮಾತು ತನ್ನ ಎಲ್ಲೆಯೊಳಗೆ ಸತ್ಯವೇ ಆಗಿದ್ದರೂ, ರಜಾದಿನಗಳಲ್ಲಿ ಅದೇ ಕಾರನ್ನು ಶ್ರೀಪೆರಂಬುದೂರಿನ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೋ ಕೊಯಮತ್ತೂರಿನ ಕಾರಿ ಸ್ಪೀಡ್‌ವೇಗೋ ಕೊಂಡೊಯ್ದು, ಅದರ ಸಾಮರ್ಥ್ಯದ ಪರಮಾವಧಿಯನ್ನು ಅರಿಯಬೇಕೆಂದು ಹಂಬಲಿಸುವ ಬೆಂಗಳೂರಿನ ತರುಣರು ಅದನ್ನೇ ಪ್ರಮಾಣವೆಂದು ನಂಬಿ ಹೊರಟರೆ, ಅಪಾಯವನ್ನು ತಾವಾಗಿಯೇ ಆಹ್ವಾನಿಸಿದಂತಾಗುತ್ತದೆ.

ವೇಗವನ್ನು ಉಷ್ಣವಾಗಿ ಪರಿವರ್ತಿಸುವುದೇ ಬ್ರೇಕಿನ ಕಾರ್ಯ. ಚಲನಶಕ್ತಿಯಾದರೋ ವೇಗದ ವರ್ಗಕ್ಕೆ ಅನುಗುಣವಾಗಿ ವೃದ್ಧಿಹೊಂದತಕ್ಕದ್ದು. 1,200 ಕಿಲೋಗ್ರಾಂ ತೂಕದ ಕಾರೊಂದು ಗಂಟೆಗೆ 50 ಕಿಲೋಮೀಟರ್ ವೇಗದಿಂದ ಬಂದು ಸಿಗ್ನಲಿನಲ್ಲಿ ನಿಂತಾಗ ಅದು ಕಳೆದುಕೊಳ್ಳುವ ಶಕ್ತಿ ಸುಮಾರು 1,16,000 ಜೂಲ್. ಅದೇ ಕಾರು ಟ್ರ್ಯಾಕಿನ ನೇರ ಹಾದಿಯ ಕೊನೆಯಲ್ಲಿ 180 ಕಿಲೋಮೀಟರ್ ವೇಗದಿಂದ 72ಕ್ಕೆ ಇಳಿದು ತಿರುವನ್ನು ಹೊಕ್ಕಾಗ ಕಳೆದುಕೊಳ್ಳುವುದು 12,60,000 ಜೂಲ್. ನಾಲ್ಕು ಲೀಟರು ತಣ್ಣೀರನ್ನು ಒಲೆಯ ಮೇಲಿಟ್ಟು ಕುದಿಯುವ ಹದಕ್ಕೆ ತರಲು ಬೇಕಾಗುವಷ್ಟು ಈ ಶಾಖದ ಬಹುಪಾಲು ಕೆಲವೇ ಕ್ಷಣಗಳಲ್ಲಿ ಡಿಸ್ಕು ಪ್ಯಾಡುಗಳಲ್ಲಿ ಉತ್ಪನ್ನವಾಗಿ, ಅದು ಆರುವುದರೊಳಗಾಗಿ ಮತ್ತೊಂದು ತಿರುವು ಎದುರಾಗುತ್ತದೆ.

ಪ್ಯಾಡು ಎಂದರೆ ಸವೆದುಹೋಗಲೆಂದೇ ನಿರ್ಮಿತವಾದ ಪದಾರ್ಥವೆಂಬ ತಿಳಿವಳಿಕೆ ಎಲ್ಲರಿಗೂ ಇದೆ. ಅದು ಶಾಖಕ್ಕೆ ತಡೆಯೂ ಹೌದೆಂಬುದು ಅಷ್ಟಾಗಿ ಪರಿಚಿತವಾಗಿಲ್ಲ. ಘರ್ಷಣದ ಪದರದ ಬೆನ್ನಿಗೆ ಉಕ್ಕಿನ ತಗಡು, ಆ ತಗಡಿನ ಬೆನ್ನಿಗೆ ಕ್ಯಾಲಿಪರಿನ ಪಿಸ್ಟನ್, ಪಿಸ್ಟನ್ನಿನ ಬೆನ್ನಿಗೆ ಬ್ರೇಕ್ ಆಯಿಲ್ ಇರುವುದಷ್ಟೆ. ಪದರವು ದಪ್ಪವಾಗಿರುವ ತನಕ ಡಿಸ್ಕಿನ ಉರಿಯು ಆಯಿಲನ್ನು ಸುಲಭವಾಗಿ ಮುಟ್ಟಲಾರದು, ಪದರವು ತೆಳುವಾದಂತೆಲ್ಲ ಉರಿಯ ದಾರಿ ಹತ್ತಿರವಾಗುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲಿನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ. ಗಾಳಿಯ ತೇವವನ್ನು ಹೀರಿಕೊಂಡ ಆಯಿಲಿಗೆ ಅದು 155 ಮಾತ್ರ. ಆಯಿಲು ಕುದಿದು ಆವಿಯಾಯಿತೆಂದರೆ, ದ್ರವದಂತೆ ಒತ್ತಡವನ್ನು ಮುಂದಕ್ಕೆ ಸಾಗಿಸದೆ ಆವಿಯು ತಾನೇ ಕುಗ್ಗುವುದರಿಂದ, ಚಾಲಕನ ಕಾಲಿನಡಿಯ ಪೆಡಲು ನೆಲದವರೆಗೆ ಇಳಿದರೂ ಕಾರು ನಿಲ್ಲದು. ಇದರ ಮೇಲೆ, ತೆಳುವಾದ ಪ್ಯಾಡಿನಲ್ಲಿ ಶಾಖವನ್ನು ತಾಳಿಕೊಳ್ಳುವ ದ್ರವ್ಯವೇ ಕಡಮೆಯಾಗಿರುವುದರಿಂದ ಅದು ಬೇಗ ಕಾಯುತ್ತದೆ, ಬೇಗ ಸವೆಯುತ್ತದೆ. ಮೊದಲರ್ಧ ಬಾಳಿದಷ್ಟು ಕಾಲ ಉತ್ತರಾರ್ಧವೂ ಬಾಳೀತೆಂದು ಲೆಕ್ಕ ಹಾಕುವಂತಿಲ್ಲ.

ಆದಕಾರಣ, ಹೊಸದರಲ್ಲಿ 10ರಿಂದ 12 ಮಿಲಿಮೀಟರ್ ದಪ್ಪವಿರತಕ್ಕ ಪದರವು ಅರ್ಧಕ್ಕೆ ಇಳಿದಾಗ, ಅಥವಾ ಬೆನ್ನಿನ ಉಕ್ಕಿನ ತಗಡಿನಷ್ಟೇ ತೆಳುವಾಗಿ ಕಂಡಾಗ, ಅದನ್ನು ಟ್ರ್ಯಾಕಿನ ಸೇವೆಯಿಂದ ಬಿಡುಗಡೆ ಮಾಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅರ್ಧ ಉಳಿದಿರುವ ವಸ್ತುವನ್ನು ಬಿಸುಡುವುದು ಅಪವ್ಯಯವಲ್ಲವೆ ಎಂದು ಕೇಳುವವರಿದ್ದಾರೆ. ಉಕ್ಕಿನ ತಗಡು ತಾಗಿ ಕೆಟ್ಟ ಡಿಸ್ಕಿನ ಬೆಲೆಯನ್ನೂ, ಬೆಂದುಹೋದ ಕ್ಯಾಲಿಪರಿನ ಬೆಲೆಯನ್ನೂ, ಬೆಲೆ ಕಟ್ಟಲಾಗದ ಪ್ರಾಣವನ್ನೂ ಒಟ್ಟಿಗೆ ಇಟ್ಟು ಅವರು ಲೆಕ್ಕ ನೋಡಲಿ.

1953ರ ಲ ಮಾನ್ಸ್ ಸ್ಪರ್ಧೆಯಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಸಿ-ಟೈಪ್ ಗೆದ್ದ ಮೇಲೆ ಜಗತ್ಪ್ರಸಿದ್ಧವಾದ ಈ ರಚನೆಗೆ, ಡ್ರಮ್ಮಿನೊಳಗೆ ಅಡಗಿರುವ ಲೈನಿಂಗಿಗೆ ಇಲ್ಲದ ಒಂದು ಗುಣವಿದೆ: ಸವೆಯುವ ಭಾಗವು ಕಣ್ಣಿಗೆ ಬೀಳುತ್ತದೆ. ಆದರೆ ಚಕ್ರದ ಸಂದಿನಿಂದ ಇಣುಕುವವನಿಗೆ ಕಾಣುವುದು ಹೊರಮಗ್ಗುಲಿನ ಪ್ಯಾಡು. ಸಾಮಾನ್ಯ ಕಾರುಗಳ ಜಾರುವ ಕ್ಯಾಲಿಪರಿನಲ್ಲಿ ಅನೇಕ ವೇಳೆ ಮೊದಲು ಸವೆಯುವುದು ಒಳಮಗ್ಗುಲಿನದು. ಚಕ್ರವನ್ನು ಬಿಚ್ಚಿಯೇ ನೋಡತಕ್ಕದ್ದು. ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳುವಾಗಿ ಓರೆಯಾಗಿ ಸವೆದಿದ್ದರೆ ತೆಳುವಾದ ತುದಿಯನ್ನೇ ಅಳತೆಗೆ ತೆಗೆದುಕೊಳ್ಳಬೇಕು; ಕ್ಯಾಲಿಪರಿನ ಪಿನ್ನುಗಳು ಬಿಗಿದುಕೊಂಡಿವೆಯೇ ಎಂಬುದನ್ನೂ ಪರೀಕ್ಷಿಸಬೇಕು. ಅಂಚು ಪುಡಿಯಾಗಿ ಉದುರುತ್ತಿದ್ದರೆ, ಆಳವಾದ ಬಿರುಕು ಬಿಟ್ಟಿದ್ದರೆ, ಪದರವು ತಗಡಿನಿಂದ ಬೇರ್ಪಡುವ ಲಕ್ಷಣ ಲೇಶವಾದರೂ ಕಂಡರೆ, ದಪ್ಪವೆಷ್ಟಿದ್ದರೂ ಆ ಪ್ಯಾಡು ಮುಗಿಯಿತೆಂದೇ ತಿಳಿಯಬೇಕು. ಪಿಸ್ಟನ್ನಿನ ಸುತ್ತಣ ರಬ್ಬರು ಸುಟ್ಟು ಬಿರುಸಾಗಿದ್ದರೆ ಶಾಖವು ತನ್ನ ಎಲ್ಲೆಯನ್ನು ಈಗಾಗಲೇ ದಾಟಿದೆ. ಒಂದು ದಿನದ ಓಟಕ್ಕೆ ಎಷ್ಟು ಸವೆಯಿತೆಂಬುದನ್ನು ಪ್ರತಿ ಸಲವೂ ಅಳೆದು ಬರೆದಿಡುವ ಅಭ್ಯಾಸವುಳ್ಳವನಿಗೆ, ಮುಂದಿನ ದಿನದ ಓಟವನ್ನು ಈ ಪ್ಯಾಡು ತಾಳೀತೇ ಎಂಬುದು ಮನೆಯಿಂದ ಹೊರಡುವ ಮೊದಲೇ ಗೊತ್ತಾಗುತ್ತದೆ.

ಕಾಲಿಗೆ ತಿಳಿಯುವ ಸೂಚನೆಗಳೂ ಉಂಟು; ಅವುಗಳನ್ನು ಒಂದರೊಡನೊಂದು ಬೆರೆಸಬಾರದು. ಪೆಡಲು ಗಟ್ಟಿಯಾಗಿಯೇ ಇದ್ದು ಕಾರು ನಿಧಾನಿಸದಿದ್ದರೆ, ಪ್ಯಾಡು ತಾನು ತಾಳಬಲ್ಲ ಉಷ್ಣವನ್ನು ಮೀರಿದೆ; ಪೆಡಲು ಮೆತ್ತಗಾಗಿ ಕುಸಿದರೆ, ಕುದಿದದ್ದು ಆಯಿಲು, ಮತ್ತು ಪ್ಯಾಡನ್ನಷ್ಟೇ ಬದಲಿಸಿ ಆ ದೋಷವನ್ನು ಪರಿಹರಿಸಲಾಗದು. ಎರಡರಲ್ಲಿ ಯಾವುದೇ ಆದರೂ ಆ ಲ್ಯಾಪಿನಲ್ಲೇ ವೇಗವನ್ನು ತಗ್ಗಿಸಿ, ಬ್ರೇಕನ್ನು ಆದಷ್ಟು ಮುಟ್ಟದೆ ಸುತ್ತಿ ತಣಿಸಿ, ಪಿಟ್ಟಿಗೆ ಹಿಂದಿರುಗತಕ್ಕದ್ದು. ಪ್ಯಾಡು ತೆಳುವಾದಾಗ ಕಿರುಗುಟ್ಟುವಂತೆ ಜೋಡಿಸಿರುವ ಲೋಹದ ನಾಲಗೆಯನ್ನು ನೆಚ್ಚುವುದಂತೂ ಸಲ್ಲದು. ಅದು ಬೀದಿಯ ಓಟಕ್ಕೆಂದು ಇಟ್ಟ ಎಚ್ಚರಿಕೆ, ಟ್ರ್ಯಾಕಿನಲ್ಲಿ ಅದು ಕೂಗುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ಹೊಸ ಪ್ಯಾಡನ್ನು ಒಂದು ಚಕ್ರಕ್ಕೆ ಮಾತ್ರ ಹಾಕದೆ ಆಯಾ ಆಕ್ಸಲಿನ ಎರಡು ಬದಿಗೂ ಹಾಕಬೇಕು; ಡಿಸ್ಕಿನ ದಪ್ಪವನ್ನೂ ಅದೇ ಸಂದರ್ಭದಲ್ಲಿ ಅಳೆದು, ಅದರ ಮೇಲೆ ಅಚ್ಚೊತ್ತಿರುವ ಕನಿಷ್ಠ ದಪ್ಪದೊಡನೆ ಹೋಲಿಸಿ ನೋಡಬೇಕು. ಪ್ಯಾಡು ಸವೆದಂತೆ ಡಬ್ಬಿಯಲ್ಲಿ ಆಯಿಲಿನ ಮಟ್ಟ ಇಳಿಯುವುದನ್ನು ಕಂಡು ನಡುವೆ ಯಾರಾದರೂ ತುಂಬಿಸಿದ್ದರೆ, ಹೊಸ ಪ್ಯಾಡಿಗೆ ಎಡೆಮಾಡಲು ಪಿಸ್ಟನ್ನನ್ನು ಹಿಂದಕ್ಕೆ ಒತ್ತಿದಾಗ ಅದು ಉಕ್ಕಿ ಹರಿದು ಬಣ್ಣವನ್ನು ಕೆಡಿಸುವುದರಿಂದ, ಮುಂಚಿತವಾಗಿಯೇ ಸ್ವಲ್ಪವನ್ನು ಹೊರತೆಗೆಯುವುದು ಲೇಸು. ಆಮೇಲೆ, ತಯಾರಕರು ಹೇಳಿದ ಕ್ರಮದಲ್ಲಿ, ಕಾರನ್ನು ಪೂರ್ತಿ ನಿಲ್ಲಿಸದೆ ಮತ್ತೆ ಮತ್ತೆ ವೇಗವನ್ನು ತಗ್ಗಿಸುತ್ತ ಪ್ಯಾಡನ್ನು ಡಿಸ್ಕಿಗೆ ಹೊಂದಿಸಿ, ಬ್ರೇಕನ್ನು ಒತ್ತಿ ಹಿಡಿಯದೆ ಓಡಿಸುತ್ತಲೇ ತಣಿಸಿದ ಮೇಲೆಯೇ ಕಾರನ್ನು ಪೂರ್ಣವೇಗದ ಲ್ಯಾಪಿಗೆ ಇಳಿಸಬೇಕು.