ನಮ್ಮ ಗಂಟೆಗೆ ಬೆಲೆ ಕಟ್ಟುವ ವಿದ್ಯೆ

ಮಕ್ಕಳ ಪರೀಕ್ಷೆ ಮುಗಿದೊಡನೆ ನಾವು ಇಂಜಿನಿಯರು, ಡಾಕ್ಟರು, ಬ್ಯಾಂಕು ಎಂದು ಮೂರು ಹೆಸರು ಹೇಳಿ ಸುಮ್ಮನಾಗುತ್ತೇವೆ. ನಾಲ್ಕನೆಯದೊಂದು ಉದ್ಯೋಗವಿದೆ. ದಿನವೂ ರೈಲು ಬಸ್ಸುಗಳಲ್ಲಿ ನಿಂತು ಹೋಗುವ ನಮ್ಮಂಥವರಿಗೆ ಅದರ ಪರಿಚಯ ಅಗತ್ಯ. ಅದೇ ಸಾರಿಗೆಯ ಅರ್ಥಶಾಸ್ತ್ರ ಮತ್ತು ಯೋಜನೆ.

ಸೇತುವೆ ಕಟ್ಟುವವರು ಇಂಜಿನಿಯರುಗಳು. ಆ ಸೇತುವೆ ಬೇಕೇ, ಎಲ್ಲಿ ಬೇಕು, ಅದೇ ಹಣದಲ್ಲಿ ಬಸ್ಸು ಹೆಚ್ಚಿಸಿದರೆ ಹೆಚ್ಚು ಜನಕ್ಕೆ ಅನುಕೂಲವಾದೀತೇ ಎಂದು ಲೆಕ್ಕ ಹಾಕುವವರು ಈ ವಿದ್ಯೆ ಕಲಿತವರು. ಮೊದಲು ಎಣಿಕೆ: ಮನೆ ಮನೆಗೆ ಹೋಗಿ, ಯಾರು ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ, ಎಷ್ಟು ಖರ್ಚಿನಲ್ಲಿ ಹೋಗುತ್ತಾರೆಂದು ಬರೆದುಕೊಳ್ಳುವುದು. ಆಮೇಲೆ ಇಪ್ಪತ್ತು ಮೂವತ್ತು ವರ್ಷ ಮುಂದಿನ ಅಂದಾಜು. ಕೊನೆಗೆ ಖರ್ಚು ಒಂದು ಕಡೆ, ಪ್ರಯೋಜನ ಇನ್ನೊಂದು ಕಡೆ ಬರೆದು ತೂಗುವುದು.

ಈ ತೂಕದ ವಿಚಾರ ಹಳೆಯದು. ಸೇತುವೆಯ ಬೆಲೆಯೆಂದರೆ ಅಲ್ಲಿ ವಸೂಲಾಗುವ ಸುಂಕವಷ್ಟೇ ಅಲ್ಲ, ಸುಂಕವನ್ನು ಮೀರಿ ದಾಟುವವರಿಗೆ ದೊರೆಯುವ ಅನುಕೂಲವೂ ಸೇರಬೇಕೆಂದು ಫ್ರಾನ್ಸಿನ ಇಂಜಿನಿಯರ್ ಜೂಲ್ ದ್ಯುಪ್ವಿ ೧೮೪೪ರಲ್ಲಿಯೇ ತೋರಿಸಿದರು. ಲಂಡನ್ನಿನ ನೆಲದಡಿಯ ವಿಕ್ಟೋರಿಯಾ ರೈಲುಮಾರ್ಗದ ವಿಷಯದಲ್ಲಿ ಫಾಸ್ಟರ್ ಮತ್ತು ಬೀಸ್ಲಿ ಎಂಬಿಬ್ಬರು ೧೯೬೩ರಲ್ಲಿ ಇಂಥ ಲೆಕ್ಕವನ್ನು ಪ್ರಕಟಿಸಿದರು. ಟಿಕೆಟ್ಟಿನ ಹಣ ನೋಡಿದರೆ ಮಾರ್ಗ ನಷ್ಟದ್ದು. ಆದರೆ ಪ್ರಯಾಣಿಕರಿಗೆ ಉಳಿಯುವ ಸಮಯ, ಮೇಲಿನ ರಸ್ತೆಗಳಲ್ಲಿ ಕಡಿಮೆಯಾಗುವ ನೂಕುನುಗ್ಗಲು ಇವನ್ನೂ ಸೇರಿಸಿದರೆ ಊರಿಗೆ ಲಾಭ. ಆ ಮಾರ್ಗದ ಮೊದಲ ಭಾಗ ೧೯೬೮ರಲ್ಲಿ ತೆರೆಯಿತು.

ಇಲ್ಲಿ ನಾವು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ೨೦,೦೦೦ ಜನರಿಗೆ ದಿನಕ್ಕೆ ೧೫ ನಿಮಿಷ ಉಳಿಯಿತೆನ್ನಿ. ಒಟ್ಟು ೫,೦೦೦ ಗಂಟೆಯಾಯಿತು. ಈ ಗಂಟೆಗೆ ದರವೇನು? ಅವರವರ ಸಂಬಳದ ಮೇಲೆ ದರ ಕಟ್ಟಿದರೆ, ಕಾರಿನವರ ಒಂದು ಗಂಟೆ ಕೂಲಿಯವರ ಹತ್ತು ಗಂಟೆಗೆ ಸಮನಾದೀತು. ಆಗ ಮೇಲ್ಸೇತುವೆ ಗೆದ್ದು ಬಸ್ಸು ಸೋಲುತ್ತದೆ. ಬ್ರಿಟನ್ನಿನಲ್ಲಿ ಕೆಲಸಕ್ಕೆ ಹೋಗಿಬರುವ ಸಮಯಕ್ಕೆ ಬಡವ ಬಲ್ಲಿದರೆನ್ನದೆ ಒಂದೇ ಸರಾಸರಿ ದರ ಹಾಕುವ ಪದ್ಧತಿಯಿದೆ. ಹಾಗೆಯೇ, ವಾಹನಗಳನ್ನು ಮಾತ್ರ ಎಣಿಸಿದರೆ ನಡೆದು ಹೋಗುವವನು ಲೆಕ್ಕಕ್ಕೇ ಬರುವುದಿಲ್ಲ. ಲೆಕ್ಕ ಬರೆಯುವ ಮೇಜಿನ ಬಳಿ ಬಸ್ಸಿನ ಸಾಲಿನಲ್ಲಿ ನಿಂತು ಬಲ್ಲವರು ಇರಬೇಕೆಂದು ನಾವು ಹೇಳುವುದು ಇದಕ್ಕಾಗಿಯೇ.

ಇದಕ್ಕೆ ದಾರಿಗಳು ಮೂರು. ಹನ್ನೆರಡನೆಯ ತರಗತಿಯಲ್ಲಿ ಗಣಿತ ಓದಿದವರು ಜೆಇಇ ಮೈನ್ ಪರೀಕ್ಷೆಯ ಯೋಜನಾ ಪತ್ರಿಕೆ ಬರೆದು, ದೆಹಲಿ, ಭೋಪಾಲ್, ವಿಜಯವಾಡಗಳ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆಗಳಲ್ಲಿ ಬಿ.ಪ್ಲಾನ್ ಪದವಿಗೆ ಪ್ರಯತ್ನಿಸಬಹುದು. ಸಿವಿಲ್ ಇಂಜಿನಿಯರಿಂಗ್ ಮುಗಿಸಿದವರು ಸಾರಿಗೆ ವಿಷಯದಲ್ಲಿ ಮುಂದೆ ಓದಬಹುದು. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವರಿಗೆ ಕೇಂದ್ರ ಲೋಕಸೇವಾ ಆಯೋಗ ನಡೆಸುವ ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಯಿದೆ. ಸಾರಿಗೆಗೆಂದೇ ಮೀಸಲಾದ ಗತಿಶಕ್ತಿ ವಿಶ್ವವಿದ್ಯಾಲಯ ವಡೋದರದಲ್ಲಿದೆ. ೨೦೨೨ರಲ್ಲಿ ಅದು ಕೇಂದ್ರ ವಿಶ್ವವಿದ್ಯಾಲಯವಾಯಿತು. ಮೆಟ್ರೋ ನಿಗಮಗಳು, ನಗರ ಪ್ರಾಧಿಕಾರಗಳು, ೧೯೭೪ರಲ್ಲಿ ಸ್ಥಾಪನೆಯಾದ ರೈಟ್ಸ್‌ನಂಥ ಸಲಹಾ ಸಂಸ್ಥೆಗಳು ಇಂಥವರಿಗೆ ಕೆಲಸ ಕೊಡುತ್ತವೆ.

ಹುದ್ದೆಗಳು ಹೇರಳವೆಂದು ನಾವು ಆಸೆ ಹುಟ್ಟಿಸುವುದಿಲ್ಲ, ಓದೂ ದೀರ್ಘವಾದದ್ದು. ಆದರೆ ಹತ್ತನೆಯ ತರಗತಿ ಮುಗಿದೊಡನೆ ಹುಡುಗನಾಗಲಿ ಹುಡುಗಿಯಾಗಲಿ ಗಣಿತವನ್ನು ಕೈಬಿಡದಂತೆ ನೋಡಿಕೊಳ್ಳಿರಿ. ಅರ್ಜಿಗಳ ವಿಷಯ ತಿಳಿಯಬೇಕೆಂಬವರು ಸಂಜೆ ವಾಚನಾಲಯಕ್ಕೆ ಬರಲಿ. ಗೊತ್ತಿದ್ದಷ್ಟನ್ನು ಕೂಡಿ ಓದಿ ತಿಳಿಸುತ್ತೇವೆ.