ತಿಂದ ಕಬ್ಬಿಣಾಂಶ ರಕ್ತಕ್ಕೆ ಸೇರಲಿ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಯಿಂದ ಪೋತ್ನಾಳ ಭಾಗದಲ್ಲಿ ಭತ್ತ ಪ್ರಮುಖ ಬೆಳೆಯಾಗಿದ್ದು, ಊಟದಲ್ಲಿಯೂ ಜೋಳದ ರೊಟ್ಟಿಗಿಂತ ಅನ್ನದ ಪಾಲು ಹೆಚ್ಚುತ್ತಿದೆ. 100 ಗ್ರಾಂ ಜೋಳದಲ್ಲಿ ಸುಮಾರು 4 ಮಿ.ಗ್ರಾಂ ಕಬ್ಬಿಣಾಂಶವಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 1 ಮಿ.ಗ್ರಾಂಗಿಂತಲೂ ಕಡಿಮೆ ಇರುತ್ತದೆ. ಕಬ್ಬಿಣಾಂಶ ಸಾಲದಿದ್ದರೆ ಹಿಮೋಗ್ಲೋಬಿನ್ ಕುಗ್ಗಿ, ಸ್ನಾಯುಗಳಿಗೆ ಆಮ್ಲಜನಕದ ಕೊರತೆಯಾಗುತ್ತದೆ. ನಾಟಿ ಮಾಡುವ ಮಹಿಳೆಯರಲ್ಲಿ ಕಾಣುವ ಸುಸ್ತು, ಏದುಸಿರಿಗೆ ಇದೂ ಕಾರಣವಾಗಿರಬಹುದು.

ಸಸ್ಯಾಹಾರದ ಕಬ್ಬಿಣಾಂಶವನ್ನು ಕರುಳು ಅಲ್ಪ ಪ್ರಮಾಣದಲ್ಲಿ ಮಾತ್ರ ಹೀರಿಕೊಳ್ಳುತ್ತದೆ. ‘ಸಿ’ ಜೀವಸತ್ವವು ಹೀರಿಕೆಯನ್ನು ಹೆಚ್ಚಿಸಿದರೆ, ಚಹಾದ ಟ್ಯಾನಿನ್ ತಡೆಯುತ್ತದೆ. ಆದ್ದರಿಂದ ದಿನಕ್ಕೊಂದು ಹೊತ್ತಾದರೂ ಜೋಳದ ರೊಟ್ಟಿ, ಮೊಳಕೆ ಕಾಳು, ಸೊಪ್ಪಿನ ಪಲ್ಯ ಸೇವಿಸಬೇಕು. ಪಲ್ಯವನ್ನು ಒಲೆಯಿಂದ ಇಳಿಸಿದ ನಂತರ ನಿಂಬೆರಸ ಹಿಂಡಬೇಕು. ಊಟಕ್ಕೆ ಒಂದು ಗಂಟೆ ಮೊದಲು ಹಾಗೂ ನಂತರ ಚಹಾ ಕುಡಿಯಬಾರದು. ಸುಸ್ತು ಮುಂದುವರಿದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಸೂಕ್ತ.